ರೇಡಿಯೋ ಅಕ್ಕನ ಬಸಿರು

ಬೆಡ್‌ಶೀಟ್ ಮಡಚುವುದು ಒಬ್ಬರಿಂದ ಆಗುವ ಕೆಲಸವಲ್ಲ. ಆ ತುದಿಗೊಬ್ಬರು, ಈ ತುದಿಗೊಬ್ಬರು ಬೇಕು. ನಾಲ್ಕು ಮೂಲೆ ಹಿಡಿದು ಒಂದು ಸಲ ಕೊಡವಿ, ಇಬ್ಬರೂ ಹಿಂದಕ್ಕೆ ವಾಲಿ ಎಳೆದು ಸುಕ್ಕು ಬಿಡಿಸಿ, ಅರ್ಧಕ್ಕೆ ಮಡಚಿ, ಆಮೇಲೆ ಒಬ್ಬರ ಕಡೆಗೊಬ್ಬರು ನಡೆದುಬಂದು ಮೂಲೆಗೆ ಮೂಲೆ ಕೂಡಿಸಬೇಕು. ಎರಡು ಹೋಟೆಲು, ಒಂದು ನರ್ಸಿಂಗ್ ಹೋಮು, ಎಲ್ಲ ಸೇರಿ ಆ ಲಾಂಡ್ರಿಗೆ ದಿನಕ್ಕೆ ಇನ್ನೂರು ಶೀಟು. ಆರು ವರ್ಷ ಹೀಗೆ ಎದುರುಬದುರು ನಿಂತವರಿಗೆ ಬಟ್ಟೆಯ ಎಳೆತದಲ್ಲೇ ಆ ಕಡೆಯವಳ ಮೈ ಹೇಗಿದೆ ಅಂತ ಗೊತ್ತಾಗಿಬಿಡುತ್ತದೆ. ಗಂಡನ ಜೊತೆ ಜಗಳವಾಡಿ ಬಂದಿದ್ದಾಳೋ, ಸೊಂಟ ಹಿಡಿದಿದೆಯೋ, ತಿಂಡಿ ತಿನ್ನದೆ ಬಂದಿದ್ದಾಳೋ, ಬಾಯಿಬಿಟ್ಟು ಕೇಳಬೇಕಾದ್ದೇ ಇಲ್ಲ.

ಆ ಮಂಗಳವಾರ ಮೂರನೆಯ ಶೀಟಿಗೇ ರೇಡಿಯೋ ಅಕ್ಕನಿಗೆ ಗೊತ್ತಾಗಿಹೋಯಿತು.

ಎದುರಿಗಿದ್ದವಳು ಗುಬ್ಬಿ. ಇಪ್ಪತ್ತಾರರ ಹುಡುಗಿ, ಮೈ ಸಣ್ಣ, ನಡಿಗೆ ಚುರುಕು, ಅದಕ್ಕೇ ಆ ಹೆಸರು. ಕೊನೆಯ ಮಡಿಕೆಯನ್ನು ಎದೆಗೆ ಒತ್ತಿ ಹಿಡಿದು ಸರಿಮಾಡುವುದು ಗುಬ್ಬಿಯ ರೂಢಿ. ಅವತ್ತು ಅವಳು ಶೀಟನ್ನು ಮೊಳದೂರದಲ್ಲೇ ಹಿಡಿದಳು, ಎದೆಗೆ ತಾಕಿಸಿಕೊಳ್ಳಲಿಲ್ಲ. ಎಳೆಯುವಾಗ ಹಿಂದಕ್ಕೆ ವಾಲಲಿಲ್ಲ, ಬರೀ ಮೊಣಕೈಯಲ್ಲಿ ಎಳೆದಳು. ಮೂಲೆಯಲ್ಲಿ ಬಟ್ಟೆಗೆ ಹಾಕುವ ಗಂಜಿ ಕುದಿಯುತ್ತಿತ್ತು. ಅದರ ಹಬೆ ಈ ಕಡೆ ಬಂದದ್ದೇ ತಡ, ಗುಬ್ಬಿಯ ಕತ್ತು ತಾನಾಗಿಯೇ ಕಿಟಕಿಯ ಕಡೆ ತಿರುಗಿತು. ಹತ್ತು ಗಂಟೆಯೊಳಗೆ ಮೂರು ಸಲ ಟಾಯ್ಲೆಟ್ಟಿಗೆ ಹೋಗಿಬಂದಳು. ಯಾರದೋ ಅಂಗಿಯ ಗುಂಡಿ ಕಿತ್ತುಬಂತು ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಗುಂಡಿಗೆ ಯಾರಾದರೂ ಅಳುತ್ತಾರೆಯೇ?

ಮೊದಲೇ ಹೇಳಿಬಿಡುತ್ತೇನೆ, ಈ ವಿದ್ಯೆಯಲ್ಲಿ ರೇಡಿಯೋ ಅಕ್ಕನನ್ನು ಮೀರಿಸಿದವರು ಆ ಬೀದಿಯಲ್ಲೇ ಇರಲಿಲ್ಲ. ಹನ್ನೊಂದು ಬಸಿರುಗಳನ್ನು ಡಾಕ್ಟರಿಗಿಂತ ಮುಂಚೆ ಕಂಡುಹಿಡಿದವಳು. ಅದರಲ್ಲಿ ನಾಲ್ಕನ್ನು ಆ ಹೆಂಗಸರಿಗಿಂತಲೂ ಮುಂಚೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದಾಗ ಲಾಂಡ್ರಿಯವರಿಗೆಲ್ಲ ಪಾಠವನ್ನೂ ಹೇಳುತ್ತಿದ್ದಳು.

"ವಾಂತಿ ನೋಡಿ ಕಂಡುಹಿಡಿಯೋದು ಯಾವ ಘನಂದಾರಿ ಕೆಲಸ? ವಾಂತಿ ಅಜೀರ್ಣಕ್ಕೂ ಬರುತ್ತೆ. ಮೊದಲು ಮೂಗು ನೋಡ್ಬೇಕು. ನಿನ್ನೆವರೆಗೂ ಆಗ್ತಿದ್ದ ವಾಸನೆ ಇವತ್ತು ಆಗೋದಿಲ್ಲ ಅಂದ್ರೆ ಅಲ್ಲೇನೋ ಇದೆ. ಆಮೇಲೆ ನಿದ್ದೆ, ಆಮೇಲೆ ಟಾಯ್ಲೆಟ್ಟು, ಆಮೇಲೆ ಹುಳಿ. ಎಲ್ಲಕ್ಕಿಂತ ದೊಡ್ಡ ಗುರುತು ಯಾವುದು ಹೇಳಿ? ಸ್ವಭಾವ! ಮೂಕಿ ಜಗಳಕ್ಕೆ ನಿಲ್ತಾಳೆ, ಬಾಯಿಬಡುಕಿ ತೆಪ್ಪಗಾಗ್ತಾಳೆ."

ಹೀಗೆ ಹೇಳಿದ್ದನ್ನೇ ಹೇಳಿ ಹೇಳಿ ಇಸ್ತ್ರಿ ಮಾವನಿಗೂ ಪಾಠ ಬಾಯಿಪಾಠವಾಗಿತ್ತು. ಅರವತ್ತು ದಾಟಿದ, ಮೂವತ್ತು ವರ್ಷದಿಂದ ಅದೇ ಮೇಜಿನ ಮುಂದೆ ಇಸ್ತ್ರಿ ಪೆಟ್ಟಿಗೆ ತಳ್ಳುತ್ತ ನಿಂತಿರುವ ಗಂಡಸಿಗೆ ಈ ವಿದ್ಯೆ ಯಾಕೆ ಬೇಕಿತ್ತೋ ದೇವರೇ ಬಲ್ಲ.

ರೇಡಿಯೋ ಅನ್ನುವ ಹೆಸರು ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಿಲ್ಲವಷ್ಟೆ. ಕಂಡದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಆಕೆಗೆ ಹುಟ್ಟಿನಿಂದಲೇ ಇರಲಿಲ್ಲ. ಕೆಟ್ಟ ಮನಸ್ಸಲ್ಲ, ಸಂತೋಷ ತಡೆಯಲಾರದ ಮನಸ್ಸು. ಆದರೆ ಅಂಥ ಮನಸ್ಸಿನಿಂದಲೂ ಅನಾಹುತ ಆಗುತ್ತದೆ.

ಒಂದೂವರೆ ವರ್ಷದ ಹಿಂದೆ ಹೀಗೇ ಗುಬ್ಬಿಯ ಗುರುತು ಹಿಡಿದಿದ್ದಳು. ಹುಡುಗಿ ಇನ್ನೂ ಗಂಡನಿಗೂ ಸರಿಯಾಗಿ ಹೇಳಿರಲಿಲ್ಲ, ಅಷ್ಟರಲ್ಲಿ ರೇಡಿಯೋ ಅಕ್ಕ ಮಧ್ಯಾಹ್ನದ ಡಬ್ಬಿ ಬಿಚ್ಚುವಾಗ ಸಾರಿಬಿಟ್ಟಳು: "ನಮ್ಮ ಗುಬ್ಬಿ ವಿಶೇಷ ಕಣ್ರೋ!" ಸಂಜೆ ತಾನೇ ಸಿಹಿ ತರಿಸಿ ಹಂಚಿದಳು. ಬಟ್ಟೆ ಕೊಡಲು ಕೌಂಟರಿಗೆ ಬಂದವರಿಗೆಲ್ಲ, ರಸೀದಿ ಬೇಕೋ ಬೇಡವೋ, ಈ ಸುದ್ದಿಯಂತೂ ಕಡ್ಡಾಯವಾಗಿ ಸಿಕ್ಕಿತು. ಒಂಬತ್ತನೇ ವಾರದಲ್ಲಿ ಆ ಬಸಿರು ನಿಲ್ಲಲಿಲ್ಲ.

ಹದಿನೈದು ದಿನ ಬಿಟ್ಟು ಗುಬ್ಬಿ ಕೆಲಸಕ್ಕೆ ಬಂದಳು. ಸುದ್ದಿ ಹೋದ ಕಡೆಗೆಲ್ಲ ಅದರ ಹಿಂದೆ ಕಣ್ಣೀರು ಹೋಗುತ್ತದೆಯೇ? ಬಟ್ಟೆ ಕೊಡಲು ಬಂದವರೆಲ್ಲ ನಗುನಗುತ್ತ ಕೇಳಿದರು: "ಈಗ ಎಷ್ಟನೇ ತಿಂಗಳಮ್ಮ?" ಒಬ್ಬೊಬ್ಬರಿಗೂ ಅವಳು ಹೇಳಬೇಕಾಯಿತು. ಹೇಳಿದಾಗೆಲ್ಲ ಅವರ ಮುಖ ಇಳಿಯುವುದನ್ನು ನೋಡಬೇಕಾಯಿತು. ಕೆಲವರಿಗೆ ತಾನೇ ಸಮಾಧಾನವನ್ನೂ ಹೇಳಬೇಕಾಯಿತು. ಒಂದು ದಿನ ಶೀಟು ಮಡಚುತ್ತ, ದನಿ ಏರಿಸದೆ, ಅಂದಳು:

"ಅಕ್ಕಾ, ನೀವು ನೂರು ಜನಕ್ಕೆ ಹೇಳಿದ್ರಿ. ಆ ನೂರು ಜನಕ್ಕೂ ‘ಇಲ್ಲ’ ಅಂತ ಹೇಳಿದ್ದು ನಾನೊಬ್ಬಳೇ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ರೇಡಿಯೋ ಅಕ್ಕನ ಹತ್ತಿರ ಉತ್ತರ ಇರುತ್ತಿತ್ತು. ಇದಕ್ಕೆ ಇರಲಿಲ್ಲ. ಆಮೇಲೂ ಗುಬ್ಬಿ ಅಕ್ಕಾ ಅಂತಲೇ ಕರೆದಳು, ಎದುರಿಗೇ ನಿಂತು ಮಡಚಿದಳು. ಆದರೆ ಮನೆಯ ಮಾತು, ಮನಸ್ಸಿನ ಮಾತು ಒಂದೂ ಬರುತ್ತಿರಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುವ ಗಾದೆಯನ್ನು ರೇಡಿಯೋ ಅಕ್ಕ ಅದಕ್ಕೆ ಮುಂಚೆ ಸಾವಿರ ಸಲ ಹೇಳಿದ್ದಳು, ಅದರ ಅರ್ಥ ಆದದ್ದು ಆಗಲೇ.

ಈಗ ಮತ್ತೆ ಅದೇ ಗುರುತುಗಳು, ಅದೇ ಹುಡುಗಿ. ಈ ಸಲ ಗುಬ್ಬಿ ಉಸಿರು ಬಿಡುತ್ತಿಲ್ಲ. ಗುಬ್ಬಿ ಹೇಳದಿದ್ದರೆ ತಾನು ಕಂಡೂ ಇಲ್ಲ, ಕೇಳಿಯೂ ಇಲ್ಲ ಅಂತ ರೇಡಿಯೋ ಅಕ್ಕ ಮನಸ್ಸಿನಲ್ಲೇ ಆಣೆ ಇಟ್ಟುಕೊಂಡಳು. ಆಣೆ ಇಡುವುದು ಸುಲಭ. ಹನ್ನೊಂದು ಗಂಟೆಯ ಹೊತ್ತಿಗೆ ಮಾತು ಗಂಟಲಿಗೆ ಬಂದು ನಿಂತಿತು. ಗಿರಾಕಿಗಳ ಬಟ್ಟೆಗೆ ಚೀಟಿ ಸಿಕ್ಕಿಸುವ ಪಿನ್ನುಗಳ ಡಬ್ಬಿ ಪಕ್ಕದಲ್ಲಿತ್ತು. ನಾಲ್ಕು ಪಿನ್ನು ತೆಗೆದು ತುಟಿಗಳ ನಡುವೆ ಕಚ್ಚಿ ಹಿಡಿದಳು. ಬಾಯಲ್ಲಿ ಪಿನ್ನು ಇಟ್ಟುಕೊಂಡು ಯಾರೂ ಸುದ್ದಿ ಹೇಳಲಾರರು. ಮಧ್ಯಾಹ್ನದವರೆಗೂ ಹಾಗೇ ಇದ್ದಳು.

ಸುಮ್ಮನಿದ್ದರೆ ಮಾತ್ರ ಸಾಲದಲ್ಲ, ಹುಡುಗಿಯನ್ನು ಕಾಯಬೇಕು. ಅದೂ ಕಾಯುತ್ತಿದ್ದೇನೆ ಅಂತ ಗೊತ್ತಾಗದ ಹಾಗೆ. ರೇಡಿಯೋ ಅಕ್ಕ ತಲೆ ಓಡಿಸಿದಳು. ಗುಬ್ಬಿಗೆ ಏನೇನು ಆಗುವುದಿಲ್ಲವೋ ಅದೆಲ್ಲ ತನಗೇ ಆಗುವುದಿಲ್ಲ ಅಂದುಬಿಡುವುದು, ಅಷ್ಟೇ ಉಪಾಯ.

"ಮಾವಾ, ಆ ಗಂಜಿ ಪಾತ್ರೆ ಹಿತ್ತಲಿಗೆ ಸಾಗಿಸಿ. ನಂಗೆ ಆ ವಾಸನೆ ಆಗ್ತಿಲ್ಲ."

"ಇಪ್ಪತ್ತು ವರ್ಷದಿಂದ ಇಲ್ಲದ್ದು ಈಗೆಲ್ಲಿಂದ ಬಂತಮ್ಮ?" ಅಂದ ಇಸ್ತ್ರಿ ಮಾವ.

"ಬಂತು. ಏನೀಗ?"

ಪಾತ್ರೆ ಹಿತ್ತಲಿಗೆ ಹೋಯಿತು. ಮರುದಿನ ಲಾಂಡ್ರಿಯ ಯಜಮಾನಮ್ಮನ ಹತ್ತಿರ ಹೋಗಿ, ನಿಂತು ನಿಂತು ಕಾಲು ಸೋಲುತ್ತಿದೆ, ಸ್ವಲ್ಪ ದಿನ ದಿಂಬಿನ ಕವರು, ಟವೆಲು ಕೊಡಿ, ಕೂತು ಮಡಚುತ್ತೇನೆ ಅಂದಳು. "ಜೊತೆಗೆ ಗುಬ್ಬೀನೂ ಇರ್ಲಿ, ಒಬ್ಬಳೇ ಕೂತ್ರೆ ನಂಗೆ ನಿದ್ದೆ ಬರುತ್ತೆ." ಯಜಮಾನಮ್ಮ ಕನ್ನಡಕದ ಮೇಲಿನಿಂದ ಒಂದು ನೋಟ ನೋಡಿ, ಶೀಟುಗಳನ್ನು ಒಗೆಯುವ ಯಂತ್ರ ನೋಡಿಕೊಳ್ಳುತ್ತಿದ್ದ ಅಕ್ಕತಂಗಿಯರಿಬ್ಬರಿಗೆ ಕೊಟ್ಟರು. ಬೆಂಚಿನ ಮೇಲೆ ಒಂದು ಬಟ್ಟಲು ನಿಂಬೆಹಣ್ಣಿನ ಹೋಳು, ಉಪ್ಪು, ಒಣ ಬಿಸ್ಕತ್ತು ಬಂದು ಕೂತವು. "ನಂಗೆ ಬಾಯಿ ಕೆಟ್ಟಿದೆ ಕಣೇ, ನೀನೂ ಒಂದು ಹೋಳು ತಗೋ" ಅನ್ನುವಳು. ಗುಬ್ಬಿ ಒಂದಲ್ಲ, ಐದು ತೆಗೆದುಕೊಳ್ಳುವಳು. ಗುಬ್ಬಿ ಆರು ಸಲ ಟಾಯ್ಲೆಟ್ಟಿಗೆ ಹೋದರೆ ರೇಡಿಯೋ ಅಕ್ಕ ಏಳು ಸಲ ಹೋಗುವಳು. ತಾನು ಏಳು ಸಲ ಹೋದರೆ ಅವಳ ಆರು ಸಲ ಯಾರ ಗಮನಕ್ಕೂ ಬರುವುದಿಲ್ಲ ಅನ್ನುವುದು ಆಕೆಯ ತರ್ಕ. ಹೋಗಿ ಒಳಗೆ ಸುಮ್ಮನೆ ಗೋಡೆ ನೋಡುತ್ತ ನಿಂತು ಬರುತ್ತಿದ್ದಳು, ಪಾಪ.

ಮಾತಿನ ಭಯಕ್ಕೆ ಮಾತನ್ನೇ ಬಿಟ್ಟಳು. ಒಂದು ಮಾತು ಆಡಲು ಬಾಯಿ ತೆರೆದರೆ ಅದರ ಹಿಂದೆ ಆ ಮಾತೂ ಜಾರಿ ಬಂದೀತು ಅಂತ ಹೆದರಿ, ಬೆಳಿಗ್ಗೆಯಿಂದ ಸಂಜೆಯವರೆಗೂ ಹ್ಞೂಂ, ಉಹುಂ ಅಷ್ಟೇ.

ಹದಿನೈದು ದಿನ ಹೀಗೆ ನಡೆಯಿತು. ಒಂದು ಬೆಳಿಗ್ಗೆ ರೇಡಿಯೋ ಅಕ್ಕ ಒಳಗೆ ಬರುತ್ತಿದ್ದಂತೆ ಇಸ್ತ್ರಿ ಮಾವ ಪೆಟ್ಟಿಗೆ ಕೆಳಗಿಟ್ಟು, ಎರಡೂ ಕೈ ಮುಗಿದು, ಹಲ್ಲು ಕಿರಿಯುತ್ತ ನಿಂತ. ಪಕ್ಕದಲ್ಲಿ ಯಜಮಾನಮ್ಮ. ಅವರ ಮುಖದಲ್ಲೂ ಅದೇ ನಗು.

"ನಮ್ಮಿಂದ ಮುಚ್ಚಿಡ್ತೀಯಲ್ಲಮ್ಮ!" ಅಂದ ಮಾವ. "ಮೂಗು ಆಯ್ತು, ನಿದ್ದೆ ಆಯ್ತು, ಟಾಯ್ಲೆಟ್ಟು ಆಯ್ತು, ಹುಳಿ ಆಯ್ತು. ಆದ್ರೂ ನಾನು ನಂಬಲಿಲ್ಲ. ಯಾವಾಗ ನೀನು ಬಾಯಿ ಮುಚ್ಕೊಂಡ್ಯೋ ನೋಡು, ಆಗ ಗ್ಯಾರಂಟಿ ಆಯ್ತು! ಬಾಯಿಬಡುಕಿ ತೆಪ್ಪಗಾಗ್ತಾಳೆ ಅಂತ ಹೇಳಿಕೊಟ್ಟಿದ್ದು ಯಾರು? ನೀನೇ!"

ಗುರುವಿಗೇ ತಿರುಮಂತ್ರ ಅಂದರೆ ಇದು. ರೇಡಿಯೋ ಅಕ್ಕನಿಗೆ ಒಂದು ಗಳಿಗೆ ಏನು ಅಂತಲೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೈಯೆಲ್ಲ ಬಿಸಿಯಾಯಿತು. ನಲವತ್ತೈದು ವರ್ಷದ ಹೆಂಗಸು! ಮದುವೆಯಾದ ಮಗಳು ಇದ್ದಾಳೆ! "ಥೂ, ನಿಮ್ಮ ಬಾಯಿಗೆ ಮಣ್ಣು ಹಾಕ! ನಂಗೆ ಅಂಥದ್ದೇನೂ..." ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಬೆಂಚಿನ ಮೇಲೆ ಕೂತ ಗುಬ್ಬಿ ಕಣ್ಣಿಗೆ ಬಿದ್ದಳು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ರೇಡಿಯೋ ಅಕ್ಕನಿಗೆ ತಕ್ಷಣ ಹೊಳೆಯಿತು. ನನಗಲ್ಲ ಅಂದರೆ ಈ ಮಾವ ಸುಮ್ಮನಿರುವುದಿಲ್ಲ. ಮತ್ತೆ ಗಂಜಿ ಯಾಕೆ ಹಿತ್ತಲಿಗೆ ಹೋಯಿತು, ನಿಂಬೆಹಣ್ಣು ತಿಂದವರು ಯಾರು ಅಂತ ಒಂದೊಂದಾಗಿ ಬಿಡಿಸುತ್ತಾನೆ. ಬೆಂಚಿನ ಮೇಲೆ ಇರುವವರು ಇಬ್ಬರೇ.

ತೆರೆದ ಬಾಯಿಯನ್ನು ಮುಚ್ಚಿದಳು. ತಲೆ ತಗ್ಗಿಸಿ ಹೋಗಿ ದಿಂಬಿನ ಕವರು ಎತ್ತಿಕೊಂಡಳು. "ನಾಚಿಕೆ ನೋಡಿ!" ಅಂದರು ಯಜಮಾನಮ್ಮ.

ಆಮೇಲೆ ಕೇಳಬೇಕೆ? ಊರ ಬಾಯಿಗೆ ಹೊಲಿಗೆ ಹಾಕಲಾದೀತೆ? ಇಷ್ಟು ವರ್ಷ ರೇಡಿಯೋ ಅಕ್ಕನಿಂದ ಸುದ್ದಿ ತೆಗೆದುಕೊಂಡವರೆಲ್ಲ ಈಗ ಅಸಲು ಬಡ್ಡಿ ಸೇರಿಸಿ ತೀರಿಸಿದರು. ಸಂಜೆ ಮನೆಗೆ ಹೋದರೆ ಗಂಡ ಬಾಗಿಲಲ್ಲೇ ಕೂತಿದ್ದ. ಅವನದು ಮೂಲೆಯಲ್ಲೊಂದು ಕ್ಷೌರದ ಅಂಗಡಿ. ದಿನವಿಡೀ ಗಿರಾಕಿಗಳ ಮಾತು ಕೇಳಿ, ಸಂಜೆ ಹೆಂಡತಿಯ ಮಾತು ಕೇಳಿ, ತಾನು ಮಾತಾಡುವುದನ್ನೇ ಮರೆತ ಮನುಷ್ಯ.

"ಇವತ್ತು ಅಂಗಡೀಲಿ ಏಳು ಜನ ನನ್ನ ಕೈ ಕುಲುಕಿದ್ರು," ಅಂದ.

ಅವಳು ಚಪ್ಪಲಿ ಬಿಟ್ಟು ಮೂಲೆಗೆ ಸರಿಸಿದಳು.

"ಅಲ್ವೇ, ನಾನೂ ಇದೇ ಮನೇಲಿರೋದು. ನಂಗೂ ಒಂದು ಮಾತು ಹೇಳಿದ್ರೆ ಚೆನ್ನಾಗಿರ್ತಿತ್ತು. ಹೊಸಬರು ಬಂದು ಕಂಗ್ರಾಜುಲೇಷನ್ಸ್ ಅಂದಾಗ ಕತ್ತರಿ ಕೈಜಾರಿ ಒಬ್ಬರ ಮೀಸೆ ಒಂದು ಕಡೆ ಗಿಡ್ಡ ಆಗ್ಹೋಯ್ತು."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಗಂಡನ ಹತ್ತಿರವಾದರೂ ಹೇಳಿಬಿಡೋಣ ಅನ್ನಿಸಿತು. ಆದರೆ ಆಣೆ ಅಂದರೆ ಆಣೆ. "ರೀ, ನನ್ನನ್ನ ಏನೂ ಕೇಳ್ಬೇಡಿ. ಒಂದು ತಿಂಗಳು ಏನೂ ಕೇಳ್ಬೇಡಿ. ನಾನು ತಪ್ಪು ಮಾಡ್ತಿಲ್ಲ, ಅಷ್ಟು ನಂಬಿ."

ಗಂಡ ಅವಳನ್ನು ಸ್ವಲ್ಪ ಹೊತ್ತು ನೋಡಿದ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಇವಳು ಒಂದು ವಿಷಯ ಹೇಳುವುದಿಲ್ಲ ಅಂದದ್ದು ಇದೇ ಮೊದಲು. ಅಂಥದ್ದೇನೋ ದೊಡ್ಡದೇ ಇರಬೇಕು ಅಂದುಕೊಂಡ. "ಆಯ್ತು, ಕೇಳಲ್ಲ," ಅಂದ. ಮರುದಿನದಿಂದ ಅಂಗಡಿಯಲ್ಲಿ ಯಾರು ಕೇಳಿದರೂ "ಎಲ್ಲಾ ದೇವರಿಟ್ಟ ಹಾಗೆ" ಅನ್ನುತ್ತಿದ್ದ. ಮೀಸೆ ಗಿಡ್ಡವಾದವನು ಮಾತ್ರ ಆ ಕಡೆ ಸುಳಿಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಆಗುತ್ತಿತ್ತು. ಆದರೆ ಒಗೆದ ಒದ್ದೆ ಬಟ್ಟೆಯನ್ನು ಬುಟ್ಟಿಯಲ್ಲಿ ತುಂಬಿ ತಾರಸಿಗೆ ಒಯ್ಯಬೇಕಲ್ಲ. ಕಿರಿದಾದ ಮೆಟ್ಟಿಲು, ಇಪ್ಪತ್ತೆರಡು ಮೆಟ್ಟಿಲು. ಇಷ್ಟು ದಿನ ರೇಡಿಯೋ ಅಕ್ಕ ಏನೇನೋ ನೆಪ ಹೇಳಿ ಗುಬ್ಬಿಯ ಪಾಲಿನ ಬುಟ್ಟಿಯನ್ನೂ ತಾನೇ ಹೊತ್ತಿದ್ದಳು. ಈಗ ಯಜಮಾನಮ್ಮ ಅಡ್ಡ ಬಂದು ನಿಂತರು.

"ಬಿಡು, ಬಿಡು! ಈ ವಯಸ್ಸಲ್ಲಿ, ಈ ಸ್ಥಿತೀಲಿ ಭಾರ ಎತ್ತೋದಾ? ಬುದ್ಧಿ ಇದೆಯಾ ನಿಂಗೆ? ಗುಬ್ಬೀ, ಇವಳ ಬುಟ್ಟೀನೂ ನೀನೇ ತಗೊಂಡ್ಹೋಗು. ಚಿಕ್ಕವಳು ನೀನು, ಏನಾಗಲ್ಲ."

ಗುಬ್ಬಿ ಎದ್ದಳು. ಬೇರೇನು ಮಾಡಿಯಾಳು? ಬುಟ್ಟಿಯ ಹಿಡಿಗೆ ಕೈ ಹಾಕಿದಳು. ತಾನು ತೋಡಿದ ಗುಂಡಿಗೆ ತಾನು ಬಿದ್ದರೆ ಬಿದ್ದು ಸಾಯಲಿ, ಈ ಹುಡುಗಿ ಬೀಳುತ್ತಿದ್ದಾಳಲ್ಲ!

"ಮುಟ್ಟಬೇಡ!"

ಆ ಕೂಗಿಗೆ ಯಂತ್ರದ ಹತ್ತಿರದ ಅಕ್ಕತಂಗಿಯರು ಕೂಡ ತಿರುಗಿ ನೋಡಿದರು. ರೇಡಿಯೋ ಅಕ್ಕ ಓಡಿಹೋಗಿ ಗುಬ್ಬಿಯ ಕೈಯನ್ನು ಬುಟ್ಟಿಯಿಂದ ಕಿತ್ತುಬಿಟ್ಟಿದ್ದಳು. ಎಲ್ಲರೂ ನೋಡುತ್ತಿದ್ದಾರೆ. ಏನಾದರೂ ಹೇಳಲೇಬೇಕು. ಹದಿನೈದು ದಿನದಿಂದ ಒಳಗೆ ಕಟ್ಟಿಟ್ಟಿದ್ದ ಮಾತೆಲ್ಲ ಒಟ್ಟಿಗೆ ಬಂತು.

"ಅಮ್ಮಾ, ನನ್ನ ಕೆಲಸ ಇನ್ನೊಬ್ಬರ ತಲೆ ಮೇಲೆ ಹಾಕೋದು ನಂಗಿಷ್ಟ ಇಲ್ಲ. ನಾಳೆ ಆ ಹುಡುಗಿ ಸೊಂಟ ಮುರ್ಕೊಂಡ್ರೆ ಆ ಪಾಪ ಯಾರಿಗೆ? ನನ್ನ ಮಗೂಗಾ? ತಾರಸಿಗೊಂದು ರಾಟೆ ಹಾಕ್ಸಿ. ಹಗ್ಗ ಕಟ್ಟಿ ಕೆಳಗಿಂದ ಎಳೆದ್ರೆ ಬುಟ್ಟಿ ತಾನಾಗೇ ಮೇಲೆ ಹೋಗುತ್ತೆ, ಮಾವ ಎಳೀತಾನೆ. ಇಷ್ಟು ವರ್ಷ ನಾನು ನಿಮ್ಮನ್ನ ಏನಾದ್ರೂ ಕೇಳಿದೀನಾ? ಬಸುರಿ ಹೆಂಗಸು ಬಾಯಿಬಿಟ್ಟು ಕೇಳ್ತಿದೀನಿ. ಇಲ್ಲ ಅಂದ್ಬಿಡಿ, ನೋಡೋಣ!"

ಬಸುರಿ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನುವ ಎದೆ ಯಜಮಾನಮ್ಮನಿಗೆ ಇರಲಿಲ್ಲ. ಎರಡೇ ದಿನಕ್ಕೆ ರಾಟೆ ಬಂತು. ಬಸಿರಿಗೆ ಇಷ್ಟು ಅಧಿಕಾರ ಇದೆ ಅಂತ ಗೊತ್ತಿದ್ದರೆ ಇದನ್ನು ಮೊದಲೇ ಮಾಡಬಹುದಿತ್ತಲ್ಲ ಅಂತ ರೇಡಿಯೋ ಅಕ್ಕನಿಗೆ ಅನ್ನಿಸಿತು. ಗುಬ್ಬಿ ಮಾತ್ರ ಆ ಕೂಗಿನ ದಿನವೆಲ್ಲ, ಅಕ್ಕ ಬುಟ್ಟಿಯಿಂದ ಬಿಡಿಸಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಕೌಂಟರಿಗೆ ಬಂದವರು ಒಳಗೆ ಇಣುಕಿ ಕೇಳುತ್ತಿದ್ದರು. "ಏನಮ್ಮ, ಅಜ್ಜಿ ಆಗೋ ವಯಸ್ಸಲ್ಲಿ ಅಮ್ಮ ಆಗ್ತಿದೀಯಂತೆ?" ಕೆಲವರದು ತಮಾಷೆ, ಕೆಲವರದು ಮೂಗಿನ ಮೇಲೆ ಬೆರಳು. ರೇಡಿಯೋ ಅಕ್ಕ ಒಬ್ಬೊಬ್ಬರಿಗೂ ಹಲ್ಲು ಕಚ್ಚಿ ನಗುತ್ತಿದ್ದಳು. ಒಬ್ಬೊಬ್ಬರೂ ಹೋದ ಮೇಲೆ ನೆನಪಾಗುತ್ತಿತ್ತು: ಇವರಿಗೂ ಒಂದು ದಿನ ‘ಇಲ್ಲ’ ಅಂತ ಹೇಳಬೇಕು, ಇವರಿಗೂ, ಇವರಿಗೂ. ಗುಬ್ಬಿ ಇದನ್ನು ಹೇಗೆ ತಡೆದುಕೊಂಡಳು? ಇದು ಬರೀ ಸುಳ್ಳು, ಇದಕ್ಕೇ ಇಷ್ಟು ಸಂಕಟ. ಅವಳದ್ದು ನಿಜವಾದ ಮಗುವಾಗಿತ್ತಲ್ಲ.

ಮುಂದಿನ ಗುರುವಾರ ಮಧ್ಯಾಹ್ನ ತಾರಸಿಯ ಮೇಲೆ ಶೀಟು ಹರವುತ್ತಿದ್ದಾಗ ಮಗಳ ಫೋನು ಬಂತು. ಬೇರೆ ಊರಲ್ಲಿ ಸಂಸಾರ ಹೂಡಿದ್ದ ಮಗಳು. ಅಲ್ಲಿಯವರೆಗೂ ಸುದ್ದಿ ತಲುಪಿತ್ತು.

"ಅಮ್ಮಾ, ನಿಜಾನಾ?" ಅಂದಳು ಮಗಳು. "ನಮ್ಮತ್ತೆ ಎಲ್ಲರೆದುರಿಗೆ ಕೇಳಿದ್ರು. ನಂಗೆ ಎಲ್ಲಿ ಮುಖ ಇಟ್ಕೋಬೇಕು ಗೊತ್ತಾಗ್ಲಿಲ್ಲ. ಇಲ್ಲ ಅಂತಾದ್ರೂ ಹೇಳಮ್ಮ. ಬರೀ ಒಂದು ಮಾತು, ಇಲ್ಲ ಅಂತ ಹೇಳು ಸಾಕು."

ಒಂದೇ ಮಾತು. ನಾಲಿಗೆಯ ತುದಿಯಲ್ಲೇ ಇತ್ತು. ಮಗಳಿಗೆ ಹೇಳಿದರೆ ಮಗಳು ಅತ್ತೆಗೆ, ಅತ್ತೆ ಸುದ್ದಿ ತಂದವರಿಗೆ, ಸಂಜೆಯ ಹೊತ್ತಿಗೆ ಇಸ್ತ್ರಿ ಮಾವನಿಗೆ. ರೇಡಿಯೋ ಅಕ್ಕ ತಂತಿಯ ಮೇಲಿನ ಒದ್ದೆ ಶೀಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮಗಳೇ, ಈಗೇನೂ ಹೇಳೋಕಾಗಲ್ಲ. ಬೈಬೇಡ ನನ್ನ."

ಆ ಕಡೆ ಫೋನು ಕಟ್ಟಾಯಿತು. ರೇಡಿಯೋ ಅಕ್ಕ ಅಲ್ಲೇ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು ಅತ್ತಳು. ಸದ್ದು ಮಾಡಿಯೇ ಅತ್ತಳು. ತಾರಸಿಯಲ್ಲಿ ಯಾರಿದ್ದಾರೆ ಕೇಳಲು?

ಶೀಟಿನ ಆ ಕಡೆಯಿಂದ ಗುಬ್ಬಿ ಬಂದಳು. ಬಟ್ಟೆ ಕ್ಲಿಪ್ಪಿನ ಡಬ್ಬಿ ತಂದು ಕೊಡಲು ಮೇಲೆ ಬಂದವಳು ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದಳು. ರೇಡಿಯೋ ಅಕ್ಕ ಗಡಬಡಿಸಿ ಕಣ್ಣೊರೆಸಿಕೊಂಡಳು. "ಮೆಟ್ಟಿಲು ಯಾಕೆ ಹತ್ತಿದೆ? ಕೂಗಿದ್ರೆ ನಾನೇ ಬರ್ತಿರ್ಲಿಲ್ವಾ?"

"ಮಗಳಿಗಾದ್ರೂ ನಿಜ ಹೇಳ್ಬಹುದಿತ್ತಲ್ಲ ಅಕ್ಕಾ."

"ಯಾವ ನಿಜ?"

"ನಿಮಗೆ ಏನೂ ಇಲ್ಲ ಅನ್ನೋ ನಿಜ."

"ಅವಳು ಯಾರ ಮಗಳು ಅಂದ್ಕೊಂಡಿದೀಯಾ? ಅವಳ ಬಾಯಿಗೆ ಹೋದ್ಮೇಲೆ ಮುಗೀತು ಕಥೆ," ಅಂದಳು ರೇಡಿಯೋ ಅಕ್ಕ. ಅಂದ ಮೇಲೆ ತಾನು ಸಿಕ್ಕಿಬಿದ್ದದ್ದು ಗೊತ್ತಾಗಿ ತುಟಿ ಕಚ್ಚಿಕೊಂಡಳು.

ಗುಬ್ಬಿ ಅವಳೆದುರು ನೆಲದ ಮೇಲೆ ಕೂತಳು. "ಯಾವಾಗಿಂದ ಗೊತ್ತು?"

"ನಂಗೇನೂ ಗೊತ್ತಿಲ್ಲ."

"ಅಕ್ಕಾ..."

"ಗೊತ್ತಿಲ್ಲ ಅಂದ್ನಲ್ಲ! ನಾನು ನಿನ್ನ ಕಡೆ ನೋಡೇ ಇಲ್ಲ. ಯಾರಾದ್ರೂ ಹೇಳಿದ್ರೆ ತಾನೇ ಗೊತ್ತಾಗೋದು?" ಅಷ್ಟು ಹೇಳುವಾಗ ಮತ್ತೆ ಕಣ್ಣು ತುಂಬಿಬಂತು.

ಗುಬ್ಬಿ ರೇಡಿಯೋ ಅಕ್ಕನ ಎರಡೂ ಕೈ ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು. ಗಂಜಿಗೂ ಬ್ಲೀಚಿಂಗ್ ನೀರಿಗೂ ಸುಲಿದುಹೋದ, ಒರಟಾದ ಕೈಗಳು.

"ಅಕ್ಕಾ, ನಾನು ಬಸುರಿ. ಹತ್ತು ವಾರ. ನಮ್ಮೆಜಮಾನ್ರು ಬಿಟ್ರೆ ಯಾರಿಗೂ ಹೇಳಿಲ್ಲ. ನಮ್ಮಮ್ಮಂಗೂ ಹೇಳಿಲ್ಲ. ನಿಮಗೇ ಮೊದಲು ಹೇಳ್ತಿರೋದು."

ಹನ್ನೊಂದು ಬಸಿರುಗಳನ್ನು ಮೊದಲು ಕಂಡವಳು ರೇಡಿಯೋ ಅಕ್ಕ. ಆದರೆ ಒಬ್ಬಳಾದರೂ ತಾನಾಗಿ ಬಂದು, ಕೈ ಹಿಡಿದು, ‘ಅಕ್ಕಾ, ಹೀಗಂತೆ’ ಅಂತ ಆಕೆಗೆ ಹೇಳಿರಲಿಲ್ಲ. ಹೇಳುವುದಕ್ಕೆ ಆಕೆ ಯಾರಿಗೂ ಅವಕಾಶವನ್ನೇ ಕೊಟ್ಟಿರಲಿಲ್ಲ. ಕೇಳಿಸಿಕೊಳ್ಳುವುದು ಇಷ್ಟು ಸುಖವಾಗಿರುತ್ತದೆ ಅಂತ ಅವಳಿಗೆ ನಲವತ್ತೈದು ವರ್ಷ ಗೊತ್ತೇ ಇರಲಿಲ್ಲ. ಬಾಯಿಂದ ಮಾತು ಹೊರಡಲಿಲ್ಲ. ಗುಬ್ಬಿಯ ಕೆನ್ನೆ ಸವರಿದಳು, ತಲೆ ಸವರಿದಳು, ಮತ್ತೆ ಕೆನ್ನೆ ಸವರಿದಳು.

"ಭಯ ಆಗುತ್ತೆ ಅಕ್ಕಾ," ಅಂದಳು ಗುಬ್ಬಿ. "ಬೆಳಿಗ್ಗೆ ಹೊಟ್ಟೆ ತೊಳೆಸದಿದ್ರೆ ಭಯ, ತೊಳೆಸಿದ್ರೆ ಸಮಾಧಾನ. ಇನ್ನು ಮೂರು ವಾರಕ್ಕೆ ಸ್ಕ್ಯಾನು. ಅಲ್ಲಿವರೆಗೂ ಯಾರಿಗೂ ಬೇಡ ಅನ್ಸುತ್ತೆ. ಆದ್ರೆ ನೀವು ಇಷ್ಟೆಲ್ಲ... ನಾನು ಈಗ್ಲೇ ಕೆಳಗೆ ಹೋಗಿ ಹೇಳಿಬಿಡ್ತೀನಿ. ನಿಮ್ಮ ಮಗಳು ಅಳೋದು ಬೇಡ."

"ಬಾಯಿ ಮುಚ್ಕೊಂಡು ಕೂತ್ಕೋ!" ರೇಡಿಯೋ ಅಕ್ಕನಿಗೆ ದನಿ ಮರಳಿ ಬಂತು. "ನನ್ನ ಮಗಳು ಮೂರು ವಾರ ಅತ್ರೆ ಕರಗಿಹೋಗಲ್ಲ. ಆಮೇಲೆ ನಾನೇ ಹೋಗಿ ಕಾಲು ಹಿಡೀತೀನಿ, ಅವಳು ನನ್ನ ಮಗಳು, ಬಿಟ್ಟುಕೊಡಲ್ಲ. ನೀನು ಕೇಳು. ಎಲ್ಲಾ ಚೆನ್ನಾಗೇ ಆಗುತ್ತೆ ಅಂತ ನಾನು ಹೇಳಲ್ಲ. ನಾನು ದೇವರಲ್ಲ. ಚೆನ್ನಾಗಾದ್ರೆ ನೀನೇ ನಿನ್ನ ಬಾಯಿಂದ ಎಲ್ಲರಿಗೂ ಹೇಳು, ನಾನು ಪಕ್ಕದಲ್ಲಿ ನಿಂತು ಕೇಳ್ತೀನಿ. ಆಗದಿದ್ರೆ... ಆಗದಿದ್ರೆ ಯಾರೂ ನಿನ್ನ ಏನೂ ಕೇಳಲ್ಲ. ನಿನಗೆ ಇತ್ತು ಅಂತ ಯಾರಿಗೂ ಗೊತ್ತೇ ಇರಲ್ಲ. ನನ್ನನ್ನ ಕೇಳ್ತಾರೆ, ಆ ‘ಇಲ್ಲ’ ನಾನು ಹೇಳ್ಕೋತೀನಿ."

ಗುಬ್ಬಿ ಅವಳ ಮಡಿಲಲ್ಲಿ ತಲೆ ಇಟ್ಟಳು. ಒಂದೂವರೆ ವರ್ಷದ ಅಳು ಇತ್ತಲ್ಲ, ತುಂಬ ಹೊತ್ತೇ ಹಿಡಿಯಿತು. ಬಿಸಿಲಿಗೆ ಶೀಟುಗಳು ಒಣಗುತ್ತಿದ್ದವು. ರೇಡಿಯೋ ಅಕ್ಕ ತಡೆಯಲಿಲ್ಲ, ಬೆನ್ನು ಸವರುತ್ತ ಕೂತಳು. ಕೊನೆಗೆ ತಾನೇ ಎದ್ದು, ಅವಳನ್ನೂ ಎಬ್ಬಿಸಿ, ತಾನು ಮುಂದೆ ನಡೆದು, ಒಂದೊಂದೇ ಮೆಟ್ಟಿಲು ನೋಡಿಕೊಂಡು ಇಳಿಸಿದಳು.

ಕೆಳಗೆ ಕೌಂಟರಿನ ಹತ್ತಿರ ಮೂರು ಜನ ಗಿರಾಕಿಗಳು ನಿಂತಿದ್ದರು. ಇಸ್ತ್ರಿ ಮಾವ ಅವರಿಗೆ ಏನೋ ಹೇಳಿ ಕಿಸಿಯುತ್ತಿದ್ದ. ಇವರಿಬ್ಬರ ಕೆಂಪು ಕಣ್ಣು ನೋಡಿದವನೇ ಜೋರಾಗಿ ಕೇಳಿದ:

"ಏನಮ್ಮಾ, ಸರಿಯಾಗಿ ಹೇಳೇ ಇಲ್ವಲ್ಲ ನೀನು. ನಿಜಕ್ಕೂ ಇದೆಯೋ, ಇಲ್ಲಾ ನಮ್ಮನ್ನ ಆಟ ಆಡಿಸ್ತಿದೀಯೋ? ಇದ್ರೆ ಎಷ್ಟನೇ ತಿಂಗಳು, ಅದನ್ನಾದ್ರೂ ಹೇಳು!"

ಲಾಂಡ್ರಿಯೆಲ್ಲ ಕೈ ನಿಲ್ಲಿಸಿ ನೋಡಿತು. ಗುಬ್ಬಿ ಒಂದು ಹೆಜ್ಜೆ ಮುಂದೆ ಬಂದಳು. ರೇಡಿಯೋ ಅಕ್ಕ ಕೈ ಅಡ್ಡ ಹಿಡಿದು ಅವಳನ್ನು ಬೆನ್ನ ಹಿಂದಕ್ಕೆ ಸರಿಸಿದಳು. ಸೆರಗು ಸರಿಮಾಡಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟು, ಬೀದಿಯ ಆ ತುದಿಗೂ ಕೇಳಿಸುವ ಹಾಗೆ ಹೇಳಿದಳು:

"ಎರಡೂವರೆ! ಸಾಕಾ? ಹೋಗಿ ಎಲ್ಲರಿಗೂ ಹೇಳು!"